ಸಮುದ್ರದ ತಳದ ಹಿಟ್ಟು

ಸುಶೀಲಾ ಮೇಡಂ ಅವರನ್ನು ನಾನು ಕಣ್ಣಾರೆ ಕಂಡದ್ದು ಆಮೇಲೆ. ಅವರನ್ನು ಕಂಡರಾಗದೆ ಹೋದದ್ದು ಅದಕ್ಕಿಂತ ಎರಡು ವರ್ಷ ಮೊದಲೇ. ಮುಖವನ್ನೇ ನೋಡದ ಹೆಂಗಸಿನ ಮೇಲೆ ಇಷ್ಟು ಸಿಟ್ಟು ಹೇಗೆ ಬರುತ್ತದೆ ಎಂದು ನನ್ನ ಗಂಡ ಗಣಪತಿ ಒಮ್ಮೆ ಕೇಳಿದ್ದರು. ಬರುತ್ತದೆ. ಸಿಟ್ಟಿಗೆ ಮುಖ ಬೇಕಾಗಿಲ್ಲ, ಹೆಸರು ಸಾಕು. ಆ ಹೆಸರು ನಮ್ಮ ಮನೆಯಲ್ಲಿ ಶನಿವಾರ ಸಂಜೆ ಬರೋಡದ ರೈಲು ಬಂದೊಡನೆ ಶುರುವಾದರೆ ಭಾನುವಾರ ಸಂಜೆ ಮಗಳು ವಾಪಸು ರೈಲು ಹತ್ತುವವರೆಗೂ ನಿಲ್ಲುತ್ತಿರಲಿಲ್ಲ. ಮೇಡಂ ಹೀಗಂದರು, ಮೇಡಂ ಹಾಗಂದರು, ಮೇಡಂ ಕಾಫಿಗೆ ಚಿಕೋರಿ ಹಾಕುವುದಿಲ್ಲ.

ನಮ್ಮದು ಸೂರತ್‌ನ ರಿಂಗ್ ರೋಡಿನಲ್ಲಿ, ಸೀರೆ ಮಾರ್ಕೆಟ್ಟುಗಳ ಬೆನ್ನಿಗೆ ಒಂದು ಉಡುಪಿ ಹೋಟೆಲು. ಗಲ್ಲಾದಲ್ಲಿ ಅವರು, ಒಳಗೆ ನಾನು. ಇಪ್ಪತ್ತೈದು ವರ್ಷದಿಂದ ಗುಜರಾತಿಗಳ ಬಾಯಿಗೆ ಸರಿಯಾಗಿ ಸಾಂಬಾರಿಗೆ ಬೆಲ್ಲ ಹಾಕಿ ಹಾಕಿ, ಈಗ ಊರಿಗೆ ಹೋದರೆ ಅಲ್ಲಿಯ ಸಾಂಬಾರೇ ಖಾರ ಅನ್ನಿಸುತ್ತದೆ. ನಮಗೆ ಒಬ್ಬಳೇ ಮಗಳು, ಪ್ರೇರಣಾ. ಹುಟ್ಟಿದ್ದು, ಬೆಳೆದದ್ದು, ಓದಿದ್ದು ಎಲ್ಲ ಸೂರತ್ತಿನಲ್ಲೇ. ಅವಳ ಬಾಯಲ್ಲಿ ಕನ್ನಡ ನಿಲ್ಲಿಸಲು ನಾನು ಪಡದ ಪಾಡಿಲ್ಲ. ಮುದ್ದು ಮಾಡಿದೆ, ಗದರಿಸಿದೆ, ಕನ್ನಡದಲ್ಲಿ ಕೇಳಿದರೆ ಮಾತ್ರ ದೋಸೆ ಎಂದೆ. ಅವಳು ಹಸಿದುಕೊಂಡೇ ಇರುತ್ತಿದ್ದಳು, ಕನ್ನಡ ಬರುತ್ತಿರಲಿಲ್ಲ. ಬಂದರೂ ‘ಅಮ್ಮಾ, ಬಹುತ್ ಭೂಖ್ ಆಗಿದೆ’ ಅನ್ನುವಷ್ಟು.

ಅಂಥವಳು ಬರೋಡದಲ್ಲಿ ಭೂಗರ್ಭಶಾಸ್ತ್ರದ ಸಂಶೋಧನೆಗೆ ಸೇರಿದಳು. ಅವಳ ಗೈಡು ಈ ಸುಶೀಲಾ ಮೇಡಂ. ಮೈಸೂರಿನವರು, ಮದುವೆಯಾಗಿಲ್ಲ, ಬರೋಡದ ಅಲ್ಕಾಪುರಿಯಲ್ಲಿ ಸ್ವಂತ ಫ್ಲ್ಯಾಟು. ಹಾಸ್ಟೆಲಿನ ಊಟ ಹಿಡಿಸದೆ ಹುಡುಗಿ ಇಳಿದುಹೋಗಿದ್ದಾಳೆಂದು ಅವರೇ ಕರೆದು ತಮ್ಮ ಮನೆಯ ಒಂದು ಕೋಣೆ ಕೊಟ್ಟರು. ಒಳ್ಳೆಯದೇ ಆಯಿತಲ್ಲ ಎಂದು ಗಣಪತಿ ಹೇಳಿದರು. ನನಗೂ ಮೊದಲು ಹಾಗೇ ಅನ್ನಿಸಿತ್ತು. ಆರು ತಿಂಗಳ ಮೇಲೆ ಒಂದು ಶನಿವಾರ ಅವಳು ಚಪ್ಪಲಿ ಬಿಟ್ಟು ಒಳಗೆ ಬಂದವಳೇ, "ತುಂಬಾ ದಣಿವಾಗಿದೆ ಕಣಮ್ಮಾ, ಬಿಸಿಯಾಗಿ ಏನಾದ್ರೂ ಕೊಡ್ತೀಯಾ?" ಎಂದಳು.

ಕಣಮ್ಮಾ! ನಮ್ಮ ವಂಶದಲ್ಲಿ ಯಾರ ಬಾಯಲ್ಲೂ ಬಾರದ ಮಾತು. ಇಪ್ಪತ್ತೆರಡು ವರ್ಷ ನಾನು ಕೂಗಿ ಕೂಗಿ ಬಾರದ ಕನ್ನಡ ಆ ಹೆಂಗಸಿನ ಮನೆಯಲ್ಲಿ ಆರು ತಿಂಗಳಿಗೇ ಬಂತು, ಅದೂ ಮೈಸೂರಿನದು. ನನ್ನ ಮಗಳು ಕನ್ನಡ ಮಾತಾಡುತ್ತಿದ್ದಾಳೆಂದು ನಾನು ಖುಷಿಪಡಬೇಕಿತ್ತು. ಪಡಲಿಲ್ಲ. ಒಲೆಯ ಮುಂದೆ ನಿಂತು ದೋಸೆ ಎರೆಯುತ್ತಾ ಕಣ್ಣೊರೆಸಿಕೊಂಡೆ, ಈರುಳ್ಳಿ ಎಂದು ಹೇಳಿದೆ.

ಅವಳು ಓದುತ್ತಿದ್ದದ್ದು ಸಮುದ್ರದ ತಳದ ಕೆಸರು. ಇದಕ್ಕೆ ಇಷ್ಟು ದೂರ ಹೋಗಬೇಕಾ, ನಮ್ಮ ತಾಪಿ ನದಿಯಲ್ಲಿ ಬೇಕಾದಷ್ಟಿಲ್ಲವಾ ಎಂದು ನಾನು ಕೇಳಿದ್ದೆ. ಆಗ ಅವಳು ಅಡುಗೆಮನೆಯ ನೆಲದಲ್ಲೇ ಕೂತು ನನಗೆ ತೋರಿಸಿದಳು. ದೊಡ್ಡ ಪರಾತದಲ್ಲಿ ರವೆಯನ್ನೂ ಮೈದಾವನ್ನೂ ಕಲಸಿ ಹರಡಿ, ಟೇಬಲ್ ಫ್ಯಾನು ತಂದು ಓರೆಯಾಗಿ ಇಟ್ಟಳು. ಮೈದಾ ಎದ್ದು ಹಾರಿ ಆಚೆ ಗೋಡೆಯ ಬುಡದಲ್ಲಿ ದಿಬ್ಬವಾಗಿ ಕೂತಿತು. ಪರಾತದಲ್ಲಿ ರವೆ ಮಾತ್ರ ಉಳಿಯಿತು.

"ಸಮುದ್ರದ ಮೇಲ್ಗಡೆ ಕಣ್ಣಿಗೆ ಕಾಣದಷ್ಟು ಸಣ್ಣ ಸಣ್ಣ ಜೀವಿಗಳಿರ್ತವೆ ಅಮ್ಮ. ಅವಕ್ಕೆ ಸುಣ್ಣದ ಚಿಪ್ಪು. ಸತ್ತ ಮೇಲೆ ಚಿಪ್ಪುಗಳು ಮಳೆ ಬಂದ ಹಾಗೆ ತಳಕ್ಕೆ ಬೀಳ್ತಾ ಇರ್ತವೆ, ಲಕ್ಷಾಂತರ ವರ್ಷ. ಹಾಗೆ ಬಿದ್ದದ್ದು ಎಲ್ಲ ಕಡೆ ಒಂದೇ ಸಮ ಇರ್ಬೇಕಲ್ವಾ? ಇಲ್ಲ. ಒಂದು ಕಡೆ ಬೋಳು, ಇನ್ನೊಂದು ಕಡೆ ಬೆಟ್ಟದಷ್ಟು. ಯಾಕೆ ಅಂದ್ರೆ ತಳದಲ್ಲೂ ನೀರು ಹರಿಯುತ್ತೆ. ತಣ್ಣಗಿನ ನೀರು, ದಕ್ಷಿಣದ ಹಿಮದ ಕಡಲಿಂದ ಹೊರಟು ಸಾವಿರಾರು ಮೈಲಿ ಬರೋದು. ಜೋರಾಗಿ ಹರಿದ ಕಡೆ ನಯವಾದ ಹಿಟ್ಟು ಕೊಚ್ಚಿಹೋಗಿ ತರಿ ಉಳಿಯುತ್ತೆ. ನಿಧಾನ ಆದ ಕಡೆ ಹಿಟ್ಟು ಕೂರುತ್ತೆ. ನನ್ನ ಹತ್ರ ಇರೋದು ಅಂಥ ಒಂದು ದಿಬ್ಬದ ಕೆಸರು. ಯಾವ ಪದರದಲ್ಲಿ ತರಿ ಎಷ್ಟು, ಹಿಟ್ಟು ಎಷ್ಟು ಅಂತ ತೂಗಿದ್ರೆ ಒಂದು ಕೋಟಿ ವರ್ಷದ ಹಿಂದೆ ತಳದ ನೀರು ಎಷ್ಟು ಜೋರಾಗಿ ಹರೀತಿತ್ತು ಅಂತ ಗೊತ್ತಾಗುತ್ತೆ."

ನನಗೆ ಅರ್ಥವಾಯಿತು, ಬೇಕಾದ್ದಕ್ಕಿಂತ ಹೆಚ್ಚೇ ಅರ್ಥವಾಯಿತು. ಒಂದು ಕಡೆ ಬಿದ್ದದ್ದನ್ನು ಎತ್ತಿಕೊಂಡು ಹೋಗಿ ಇನ್ನೊಂದು ಕಡೆ ದಿಬ್ಬ ಮಾಡುವ ನೀರು ನನಗೂ ಗೊತ್ತಿದ್ದದ್ದೇ. ಅದು ಅಲ್ಕಾಪುರಿಯಲ್ಲಿ ಫ್ಲ್ಯಾಟು ಮಾಡಿಕೊಂಡಿತ್ತು.

"ಈ ರವೆ, ಮೈದಾ, ಫ್ಯಾನು ಎಲ್ಲ ನೀನೇ ಯೋಚನೆ ಮಾಡಿದ್ದಾ?" ಎಂದು ಆಸೆಯಿಂದ ಕೇಳಿದೆ.

"ಇಲ್ಲ, ಮೇಡಂ ಹೇಳಿಕೊಟ್ಟಿದ್ದು. ಅಮ್ಮಂಗೆ ಹೀಗೆ ತೋರಿಸು, ಅರ್ಥ ಆಗುತ್ತೆ ಅಂದ್ರು."

ಗೋಡೆಯ ಬುಡದ ಮೈದಾ ಗುಡಿಸಿದ್ದು ನಾನು.

ಎರಡು ಸಾವಿರದ ಮೂರನೆಯ ಇಸವಿಯ ದೀಪಾವಳಿಗೆ ಮುಂಚೆ ಹಡಗಿನ ಸುದ್ದಿ ಬಂತು. ಜನವರಿಯಲ್ಲಿ ಗೋವಾದಿಂದ ಒಂದು ಸಂಶೋಧನಾ ಹಡಗು ಹೊರಡುತ್ತದೆ, ನಲವತ್ತು ದಿನ ಸಮುದ್ರದಲ್ಲಿದ್ದು ಇದೇ ದಿಬ್ಬದಿಂದ ಹೊಸ ಕೆಸರು ತೆಗೆಯುತ್ತದೆ, ಮೇಡಂ ಲ್ಯಾಬಿನಿಂದ ಒಬ್ಬ ವಿದ್ಯಾರ್ಥಿಗೆ ಜಾಗವಿದೆ. ಡಿಸೆಂಬರಿನಲ್ಲಿ ಅಹಮದಾಬಾದಿನ ಸೆಮಿನಾರಿನಲ್ಲಿ ಪ್ರೇರಣಾ ತನ್ನ ಕೆಲಸದ ಬಗ್ಗೆ ಮಾತಾಡಬೇಕು. ಅಲ್ಲೇ ಮೇಡಂ ಹೆಸರು ಬರೆದುಕೊಡುತ್ತಾರೆ. ಅವಳಿಗೆ ನಿದ್ದೆಯಲ್ಲೂ ಹಡಗು. ಏನನ್ನಾದರೂ ಅವಳು ಇಷ್ಟು ಬಯಸಿದ್ದನ್ನು ನಾನು ಕಂಡಿರಲಿಲ್ಲ. ನಾನಂತೂ ಒಂದು ಚಿಕ್ಕ ಕ್ಯಾಬಿನ್ನು, ಅದರಲ್ಲಿ ಎರಡು ಮಂಚ, ಒಂದರಲ್ಲಿ ನನ್ನ ಮಗಳು, ಇನ್ನೊಂದರಲ್ಲಿ ಸುಶೀಲಾ ಮೇಡಂ ಎಂದು ಚಿತ್ರ ಬರೆದುಕೊಂಡು ಎರಡು ತಿಂಗಳು ಹೊಟ್ಟೆ ಉರಿಸಿಕೊಂಡೆ.

ದೀಪಾವಳಿಗೆ ಗುಜರಾತೇ ಬಾಗಿಲು ಹಾಕಿಕೊಳ್ಳುತ್ತದೆ. ಲಾಭ ಪಂಚಮಿಯವರೆಗೆ ಅಂಗಡಿ ತೆರೆಯುವವರಿಲ್ಲ, ಸೀರೆ ಮಾರ್ಕೆಟ್ಟು ಮುಚ್ಚಿದ ಮೇಲೆ ನಮ್ಮ ಹೋಟೆಲಿಗೂ ಕೆಲಸವಿಲ್ಲ. ಬರೋಡದಲ್ಲಿ ಅವಳ ಲ್ಯಾಬಿಗೂ ಬೀಗ. ಮೇಡಂ ಹಬ್ಬಕ್ಕೆ ಮೈಸೂರಿಗೆ ಹೊರಟರು. ಪ್ರೇರಣಾಗೆ ಇನ್ನೂ ಎಂಟು ಪದರಗಳ ಕೆಸರು ತೊಳೆಯುವುದು ಬಾಕಿಯಿತ್ತು, ಅದೂ ದಿಬ್ಬದ ನಟ್ಟನಡುವಿನದು. ಅದಿಲ್ಲದೆ ಮಿಕ್ಕ ಲೆಕ್ಕಕ್ಕೆ ಅರ್ಥವಿಲ್ಲವಂತೆ. ಹಾಗಾಗಿ ಎಂಟು ಡಬ್ಬಿ, ಒಂದು ಜರಡಿ, ಬ್ಯಾಟರಿ ಅಂಗಡಿಯಿಂದ ಕೊಂಡ ಡಿಸ್ಟಿಲ್ಡ್ ವಾಟರಿನ ಕ್ಯಾನುಗಳು, ಇಷ್ಟನ್ನೂ ಹೊತ್ತುಕೊಂಡು ಅವಳು ನಮ್ಮ ಅಡುಗೆಮನೆಗೆ ಬಂದಳು.

ನನಗೆ ಗೆದ್ದಷ್ಟು ಸಂತೋಷ. ಮೇಡಂ ಕೆಲಸ ಕೊನೆಗೆ ನನ್ನ ಕಟ್ಟೆಯ ಮೇಲೆ ಬಂತಲ್ಲ. ಎಂಟು ಸ್ಟೀಲ್ ಪಾತ್ರೆ ಹುಣಿಸೆಹಣ್ಣು ಹಾಕಿ ತಿಕ್ಕಿ ಕೊಟ್ಟೆ. ಅವಳು ಹುಣಿಸೆ ಕಂಡವಳೇ ಎಲ್ಲವನ್ನೂ ಪುನಃ ಸೋಪಿನಲ್ಲಿ ತೊಳೆದಳು. ಆಗಲೇ ನನಗೆ ತಿಳಿಯಬೇಕಿತ್ತು. ಮೊಸರಲ್ಲಿ ಕಲ್ಲು ಹುಡುಕುವ ಬುದ್ಧಿ ಆ ಮೇಡಮ್ಮನದೇ ಎಂದುಕೊಂಡು ಸುಮ್ಮನಾದೆ.

ಕೆಸರು ಎಂದರೆ ಕೆಸರಲ್ಲ ಅದು, ಇಡ್ಲಿ ಹಿಟ್ಟಿನ ಹಾಗೆ ಬೆಳ್ಳಗೆ. ಜರಡಿಯಲ್ಲಿಟ್ಟು ನೀರು ಹೊಯ್ದರೆ ಮೇಲೆ ಮರಳಿನಂಥ ಚಿಪ್ಪು ನಿಲ್ಲುತ್ತದೆ, ಕೆಳಗಿನ ಪಾತ್ರೆಗೆ ಹಾಲಿನಂಥ ನೀರು ಇಳಿಯುತ್ತದೆ. ಚಿಪ್ಪು ಒಣಗಿಸಿ ಪೊಟ್ಟಣ ಕಟ್ಟಿದಳು. ಆ ಹಾಲು ನೀರನ್ನು ಮಾತ್ರ ಹಾಗೇ ಬಿಟ್ಟು, ಅದರೊಳಗಿನ ಹಿಟ್ಟೆಲ್ಲ ತಾನಾಗಿ ತಳಕ್ಕೆ ಕೂರುವವರೆಗೆ ಕಾಯಬೇಕು. ಆಮೇಲೆ ತಿಳಿನೀರು ತೆಗೆದು, ಹಿಟ್ಟು ಒಣಗಿಸಿ ತೂಗಬೇಕು.

"ಎಷ್ಟು ಹೊತ್ತು?" ಎಂದೆ.

"ಮೂರು ದಿನ ಅಂದಿದ್ದಾರೆ ಮೇಡಂ. ಯಾರೂ ಇದನ್ನ ಮುಟ್ಟಬಾರದು. ಇದು ತಿಳಿಯಾಗೋವರೆಗೂ ನಾನು ಎಲ್ಲಿಗೂ ಬರಲ್ಲಮ್ಮ."

ಬರುವುದಿಲ್ಲವಂತೆ. ದೀಪಾವಳಿಯ ಮರುದಿನ ಗುಜರಾತಿಗಳಿಗೆ ಹೊಸ ವರ್ಷ, ಆ ದಿನ ನಾವು ಮೂವರೂ ಡುಮಸ್ ಸಮುದ್ರಕ್ಕೆ ಹೋಗುವುದು ಅವಳು ಫ್ರಾಕು ಹಾಕುತ್ತಿದ್ದ ಕಾಲದಿಂದ ನಮ್ಮ ಮನೆಯ ಪದ್ಧತಿ. ವರ್ಷವಿಡೀ ಹೋಟೆಲು, ಆ ಒಂದೇ ದಿನ ನಾವು ಬೇರೆಯವರು ಮಾಡಿದ ಭಜಿಯಾ ತಿನ್ನುವುದು. ಮೈಸೂರಿನಲ್ಲಿ ಕೂತ ಹೆಂಗಸು ಸೂರತ್ತಿನಲ್ಲಿ ನನ್ನ ಹಬ್ಬದ ದಿನವನ್ನೂ ಕಿತ್ತುಕೊಂಡಳು. ಪ್ರೇರಣಾ ಪಾತ್ರೆಗಳ ಮುಂದೆ ಕುರ್ಚಿ ಹಾಕಿ ಕೂತಳು. ಮರುದಿನವೂ ನೀರು ಹಾಲಿನ ಹಾಗೇ ಇತ್ತು. ಅದರ ಮರುದಿನ ಮಧ್ಯಾಹ್ನ ಊಟವಾದ ಮೇಲೆ ಅವಳಿಗೆ ಕೂತಲ್ಲೇ ಜೊಂಪು ಹತ್ತಿತು. ಎಬ್ಬಿಸಿ ಒಳಗೆ ಮಲಗಿಸಿದೆ.

ಮಳೆಗಾಲದಲ್ಲಿ ನಮ್ಮ ನಲ್ಲಿಗೆ ತಾಪಿಯ ಕೆಂಪು ನೀರು ಬರುತ್ತದೆ. ಅದಕ್ಕೆ ನಮ್ಮಲ್ಲಿ ಒಂದೇ ಮದ್ದು, ಪಟಿಕಾರ. ಇಲ್ಲಿಯವರು ಫಟಕಡಿ ಅನ್ನುತ್ತಾರೆ. ಕಲ್ಲುಸಕ್ಕರೆಯಂಥ ಗಟ್ಟಿ ಹಿಡಿದು ನೀರಿನಲ್ಲಿ ನಾಲ್ಕು ಸುತ್ತು ತಿರುಗಿಸಿದರೆ ಮಣ್ಣೆಲ್ಲ ಉಂಡೆಗಟ್ಟಿ ತಳಕ್ಕೆ ಇಳಿಯುತ್ತದೆ. ಇಡೀ ಟ್ಯಾಂಕಿಯನ್ನೇ ತಿಳಿ ಮಾಡಿದ ನನಗೆ ಎಂಟು ಪಾತ್ರೆ ಯಾವ ಲೆಕ್ಕ? ಯಾರೂ ಮುಟ್ಟಬಾರದು ಎಂದಿದ್ದಳು ನಿಜ. ಆದರೆ ನನ್ನ ಅಡುಗೆಮನೆಯಲ್ಲಿ ‘ಯಾರೂ’ ಎಂದರೆ ನನ್ನನ್ನು ಬಿಟ್ಟು ಉಳಿದವರು. ನಾನು ಗಟ್ಟಿ ತೊಳೆದೆ, ಮಡಿಯಲ್ಲೇ ತೊಳೆದೆ, ಒಂದೊಂದು ಪಾತ್ರೆಯಲ್ಲೂ ಚೆನ್ನಾಗಿ ತಿರುಗಿಸಿದೆ. ಪುಟ್ಟ ಪುಟ್ಟ ಗುಳ್ಳೆ ಎದ್ದವು. ಕೆಲಸ ಮಾಡುತ್ತಿದೆ ಎಂದುಕೊಂಡೆ. ಅವಳು ಏಳುವ ಹೊತ್ತಿಗೆ ಎಂಟೂ ಪಾತ್ರೆಯಲ್ಲಿ ನೀರು ಗಾಜಿನ ಹಾಗೆ.

"ಅರೇ! ಇಷ್ಟು ಬೇಗ?" ಎಂದಳು.

"ನಮ್ಮ ಮನೆಯ ಗಾಳಿ," ಎಂದೆ. ಮೇಡಮ್ಮನ ಮೂರು ದಿನದ ಕೆಲಸ ನಾನು ಒಂದು ನಿದ್ದೆಯಲ್ಲಿ ಮುಗಿಸಿದ್ದೆ. ಹೇಳಿಬಿಡೋಣ ಎಂದು ನಾಲಿಗೆಯ ತುದಿಗೆ ಬಂದಿತ್ತು, ಆದರೆ ಅದನ್ನು ಸರಿಯಾದ ಸಮಯಕ್ಕೆ ಇಟ್ಟುಕೊಳ್ಳೋಣ ಅನ್ನಿಸಿತು. ಆ ಸಂಜೆ ಡುಮಸ್‌ಗೆ ಹೋದೆವು. ಟೊಮೆಟೊ ಭಜಿಯಾ ತಿಂದೆವು. ಅವಳು ನನ್ನ ತೋಳು ಹಿಡಿದುಕೊಂಡು ಕಪ್ಪು ಮರಳಿನಲ್ಲಿ ನಡೆದಳು, ಒಂದು ಸಲವೂ ಮೇಡಂ ಹೆಸರು ತೆಗೆಯಲಿಲ್ಲ.

ಹತ್ತು ಹನ್ನೆರಡು ದಿನ ಕಳೆದ ಮೇಲೆ ಹೋಟೆಲಿಗೆ ಅವಳ ಫೋನು ಬಂತು. ಎಂದಿನ ಹಾಗೆ ಮೊದಲು ಗಣಪತಿ ಎತ್ತಿದರು, "ಊಟ ಆಯ್ತಾ?" ಎಂದರು, ನನ್ನ ಕೈಗೆ ಕೊಟ್ಟರು. ಮಗಳ ಜೊತೆ ಅವರ ಮಾತು ಅಷ್ಟೇ. ಅವಳು ಏನು ಓದುತ್ತಿದ್ದಾಳೆ ಎಂದು ಯಾರಾದರೂ ಕೇಳಿದರೆ ‘ಎಂತದೋ ಸೈನ್ಸು’ ಅನ್ನುವ ಮನುಷ್ಯ.

"ಅಮ್ಮ, ದೀಪಾವಳಿಲಿ ಆ ಪಾತ್ರೆಗಳಿಗೆ ಏನಾದ್ರೂ ಬಿದ್ದಿತ್ತಾ?"

ಸರಿಯಾದ ಸಮಯ ಇದೇ ಅನ್ನಿಸಿತು. "ಬೀಳ್ಲಿಕ್ಕೆ ಎಂತ ಉಂಟು? ನಾನೇ ಪಟಿಕಾರ ತಿರುಗಿಸಿದ್ದು. ನಿನ್ನ ಮೇಡಂಗೆ ಹೇಳು, ಮೂರು ದಿನ ಕಾಯ್ಲಿಕ್ಕಿಲ್ಲ, ಸೂರತ್ತಿನಲ್ಲಿ ಒಂದು ಗಂಟೆ ಸಾಕಾಗ್ತದೆ ಅಂತ."

"ಸರಿ ಅಮ್ಮ," ಎಂದಳು. "ಇದನ್ನ ನೀನು ಯಾರಿಗೂ ಹೇಳಬೇಡ." ಫೋನಿಟ್ಟಳು.

ನನ್ನ ಉಪಾಯವನ್ನು ಮೇಡಂ ತಮ್ಮದೆಂದು ಹೇಳಿಕೊಂಡಾರು ಎಂಬ ಭಯಕ್ಕೆ ಹಾಗಂದಳು ಎಂದು ತಿಳಿದು ಹಿಗ್ಗಿದೆ. ನನ್ನ ಬುದ್ಧಿಗೆ ಇಷ್ಟು.

ಡಿಸೆಂಬರಿನ ಸೆಮಿನಾರಿಗೆ ನಾನು ಯಾರೂ ಕರೆಯದೆ ಹೊರಟೆ. ನೀನು ಬರಬೇಡ, ಬೋರಾಗುತ್ತೆ ಎಂದು ಪ್ರೇರಣಾ ಎರಡು ಸಲ ಹೇಳಿದ್ದಳು. ಬೋರಾಗುವುದು ನನಗೆ ತಾನೇ. ಬೆಳಗಿನ ರೈಲಿಗೆ ಅಹಮದಾಬಾದು ಸೇರಿ, ಬೋಪಲ್ ರಸ್ತೆಯಲ್ಲಿ ಹೊಸದಾಗಿ ಕಟ್ಟಿದ್ದ ಆ ಸಭಾಂಗಣಕ್ಕೆ ರಿಕ್ಷಾ ಹಿಡಿದೆ. ಮೈಸೂರು ಸಿಲ್ಕ್ ಸೀರೆ ಉಟ್ಟಿದ್ದೆ. ಮೈಸೂರಿನದು ಒಬ್ಬರ ಸೊತ್ತಲ್ಲ ಎಂದು ತೋರಿಸಬೇಕಿತ್ತು.

ಒಳಗೆ ಹೋದರೆ ನನ್ನ ಮಗಳು ವೇದಿಕೆಯ ಹತ್ತಿರ ಇಲ್ಲ, ಹಿಂದಿನ ಸಾಲಿನಲ್ಲಿ ತಲೆ ತಗ್ಗಿಸಿ ಕೂತಿದ್ದಾಳೆ. ಮೇಲೆ ನಿಂತು ಅದೇ ದಿಬ್ಬದ ಚಿತ್ರ ತೋರಿಸುತ್ತಿದ್ದವನು ರೋಹಿತ್, ಅದೇ ಲ್ಯಾಬಿನ ಹುಡುಗ. ಅವನದು ದಿಬ್ಬದ ಮೇಲಿನ ತುದಿ, ಇವಳದು ನಡುವಿನದು ಎಂದು ನನಗೆ ಗೊತ್ತಿತ್ತು. ಅವನು ಮೇಲಿನದನ್ನು ಹೇಳಿ, ನಡುವಿನದನ್ನು ಹಾರಿಸಿ, ತೊಡರುತ್ತಾ ಮುಗಿಸಿದ. ನನ್ನನ್ನು ಕಂಡು ಪ್ರೇರಣಾ ಮುಖ ಬಿಳಿಚಿಕೊಂಡಿತು.

"ನೀನ್ಯಾಕೆ ಬಂದೆ ಅಮ್ಮ?"

"ನೀನ್ಯಾಕೆ ಇಲ್ಲಿ ಕೂತಿದ್ದೀ?"

"ಆಮೇಲೆ ಹೇಳ್ತೀನಿ. ಟೀ ತರ್ತೀನಿ, ಇಲ್ಲೇ ಇರು, ಯಾರ ಜೊತೆಗೂ ಮಾತಾಡಬೇಡ," ಎಂದು ಎದ್ದು ಹೋದಳು.

ಯಾರ ಜೊತೆಗೂ ಮಾತಾಡದಿರಲು ನಾನು ಸೂರತ್ತಿನಿಂದ ಬಂದಿರಲಿಲ್ಲ. ನನಗೆ ಎಲ್ಲ ಗೊತ್ತಾಗಿಹೋಗಿತ್ತು. ನನ್ನ ಮಗಳ ಕೈಯಲ್ಲಿ ಎರಡೂವರೆ ವರ್ಷ ಚಾಕರಿ ಮಾಡಿಸಿಕೊಂಡು ಕೊನೆಗೆ ಹಡಗಿನ ಹೊತ್ತಿಗೆ ಆ ಹೆಂಗಸು ಇನ್ನೊಬ್ಬನನ್ನು ಮುಂದೆ ಮಾಡಿದ್ದಾಳೆ. ಮೊಗಸಾಲೆಗೆ ಬಂದು ಸುಶೀಲಾ ಮೇಡಂ ಯಾರು ಎಂದು ಕೇಳಿದೆ. ತೋರಿಸಿದರು. ನನಗೆ ಮೋಸ ಹೋದಂತಾಯಿತು. ನಾನು ಎತ್ತರದ, ಬೆಳ್ಳಗಿನ, ಗತ್ತಿನ ಹೆಂಗಸಿನ ಮೇಲೆ ಸಿಟ್ಟಾಗಿದ್ದೆ. ಇಲ್ಲಿ ನಿಂತಿದ್ದದ್ದು ದಪ್ಪ ಕನ್ನಡಕದ, ಪೀಚು ದೇಹದ, ಹತ್ತಿ ಸೀರೆಯ ಸೆರಗಿಗೆ ಪಿನ್ನು ಚುಚ್ಚಿಕೊಂಡ ಒಬ್ಬ ಅತ್ತಿಗೆಯಂಥವರು.

"ನೀವು ಪ್ರೇರಣಾ ಅಮ್ಮ ಅಲ್ವಾ? ಮೂಗು ನೋಡಿದ್ರೇ ಗೊತ್ತಾಗುತ್ತೆ. ಬನ್ನಿ," ಎಂದರು.

ಮೂಗಿನ ಮಾತಿಗೆ ನಾನು ಕರಗಲಿಲ್ಲ, ಅಥವಾ ಸ್ವಲ್ಪವೇ ಕರಗಿದೆ. "ನನ್ನ ಮಗಳು ಇವತ್ತು ಯಾಕೆ ಮಾತಾಡ್ಲಿಲ್ಲ? ಹಡಗಿಗೆ ಯಾರ ಹೆಸರು ಕೊಡ್ತೀರಿ?"

"ಅವಳು ನಿಮಗೆ ಹೇಳಿಲ್ವಾ?"

"ಎಂತ ಹೇಳ್ಬೇಕಿತ್ತು?"

ಅವರು ಕಿಟಕಿಯ ಕಡೆಗೆ ನನ್ನನ್ನು ಕರೆದುಕೊಂಡು ಹೋದರು. "ಎಂಟು ಸ್ಯಾಂಪಲ್ ಹಾಳು ಮಾಡಿದ್ಲು. ಬೇಗ ತಿಳಿಯಾಗಲಿ ಅಂತ ಪಟಿಕ ಹಾಕಿದಾಳೆ. ಪಟಿಕದ ನೀರು ಹುಳಿ ಇದ್ದ ಹಾಗಮ್ಮ, ಆ ಹಿಟ್ಟು ಪೂರ್ತಿ ಸುಣ್ಣ. ಸುಣ್ಣಕ್ಕೆ ಹುಳಿ ತಾಗಿದ್ರೆ ಏನಾಗುತ್ತೆ ಹೇಳಿ. ಸಣ್ಣ ಚಿಪ್ಪೆಲ್ಲ ಸವೆದು ಹೋಗಿದೆ, ಅದರ ಮೇಲೆ ಲೋಳೆ ಬೇರೆ ಕೂತಿದೆ. ಆ ತೂಕ ಇಟ್ಟುಕೊಂಡು ಪ್ರವಾಹ ಜೋರಿತ್ತೋ ನಿಧಾನವಿತ್ತೋ ಹೇಗೆ ಹೇಳೋದು? ಕೋಟಿ ವರ್ಷ ಅಲುಗದೆ ಕೂತಿದ್ದದ್ದು. ಮೊದಲ ವರ್ಷದ ಹುಡುಗರು ಕೂಡ ಹೀಗೆ ಮಾಡಲ್ಲ. ಇಷ್ಟು ಅಜಾಗರೂಕತೆ ಇರೋವ್ರನ್ನ ಹಡಗಿಗೆ ಹೇಗೆ ಕಳಿಸಲಿ?"

ಆ ಪುಟ್ಟ ಗುಳ್ಳೆಗಳು ನನ್ನ ಕಣ್ಣ ಮುಂದೆ ಎದ್ದವು. ಗಾದೆಯ ಹಾಗೆ, ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದೆ.

"ಅವಳೇ ಹಾಕಿದೆ ಅಂದಳಾ?" ಎಂದೆ.

"ಹೂಂ. ನಾನು ಮೂರು ಸಲ ಕೇಳಿದೆ. ಬೇಗ ಮುಗಿಸಿ ಅಮ್ಮನ ಜೊತೆ ಹಬ್ಬಕ್ಕೆ ಹೋಗೋಣ ಅಂತ ಹಾಕಿದೆ ಅಂದ್ಲು."

ಮೊದಲು ನನಗೆ ಆದದ್ದು ಸಂತೋಷ. ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ. ಹಡಗು ಹೋದರೂ ಹೋಗಲಿ, ಮೇಡಮ್ಮನ ಮುಂದೆ ತಾನು ದಡ್ಡಿ ಅನ್ನಿಸಿಕೊಂಡರೂ ಸರಿ, ಅಮ್ಮನ ಹೆಸರು ಬರಬಾರದು ಎಂದು ನನ್ನ ಮಗಳು ನಿಂತಿದ್ದಳು. ಎರಡೂವರೆ ವರ್ಷದಿಂದ ನಾನು ಕೇಳಬೇಕೆಂದಿದ್ದ ಉತ್ತರ ಅದೇ. ನಾಚಿಕೆ ಆಮೇಲೆ ಬಂತು.

"ಅವಳಲ್ಲ," ಎಂದೆ. "ಅವಳು ಮಲಗಿದ್ದಳು. ನಾನು ಹಾಕಿದ್ದು. ನೀವು ಮೂರು ದಿನ ಅಂದಿದ್ರಿ, ನಾನು ಒಂದು ಗಂಟೆಯಲ್ಲಿ ಮಾಡಿ ತೋರಿಸ್ಬೇಕು ಅಂತ ಹಾಕಿದ್ದು."

ಮೇಡಂ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು. ಬೈಯುತ್ತಾರೆಂದು ಕಾದೆ.

"ಎರಡೂವರೆ ವರ್ಷದಿಂದ ನನ್ನ ಮನೇಲಿದ್ದಾಳೆ," ಎಂದರು. "ಲೋಟ ಒಡೆದ್ರೂ ಬಂದು ಹೇಳ್ತಿದ್ಲು. ನನಗೆ ಒಂದು ಸುಳ್ಳು ಹೇಳಿದವಳಲ್ಲ. ನಿಮ್ಮ ವಿಷಯ ಬಂದಾಗ ಎಷ್ಟು ಸಲೀಸಾಗಿ ಹೇಳಿದಾಳೆ ನೋಡಿ. ಕಣ್ಣು ಕೂಡ ಮಿಟುಕಿಸಲಿಲ್ಲ."

ಆ ದನಿ ನನಗೆ ಗೊತ್ತಿತ್ತು. ಕೋಪದ ದನಿಯಲ್ಲ ಅದು. ಶನಿವಾರ ಸಂಜೆ ನನ್ನ ಗಂಟಲಿನಿಂದ ಏಳುತ್ತಿದ್ದ ದನಿ. ಈ ವಿದ್ಯಾವಂತ ಹೆಂಗಸಿಗೆ ನನ್ನ ಮೇಲೆ ಹೊಟ್ಟೆಕಿಚ್ಚು!

"ಹಾಗಾದ್ರೆ ತಪ್ಪು ಅವಳದ್ದಲ್ಲ ಅಂತ ಆಯ್ತಲ್ಲ," ಎಂದೆ. "ಹಡಗಿಗೆ ಅವಳ ಹೆಸರೇ ಕೊಡಿ."

ಮೇಡಂ ಮತ್ತೆ ಕನ್ನಡಕ ಒರೆಸಲು ಶುರು ಮಾಡಿದರು.

"ಆ ಕೆಸರು ಇನ್ನು ಸಿಗುದಿಲ್ವಾ?"

"ಸಿಗುತ್ತೆ. ಅದರ ಇನ್ನೊಂದು ಅರ್ಧ ಶೀತಲಕೋಣೆಯಲ್ಲಿ ಹಾಗೇ ಇಟ್ಟಿರ್ತಾರೆ. ಪುನಃ ಕೇಳಿ ತೊಳೆದ್ರೆ ಆಯ್ತು."

"ಆ ಹುಡುಗನಿಗೆ ಬೇಜಾರಾಗ್ತದಾ?"

"ರೋಹಿತ್‌ಗಾ? ಜನವರಿಲಿ ಅವನ ಅಕ್ಕನ ಮದುವೆ. ಹೋಗಲ್ಲ ಅಂತಲೇ ಕೂತಿದ್ದ, ನಾನೇ ಒಪ್ಪಿಸಿದ್ದು."

"ಮತ್ತೆ ಎಂತ ಅಡ್ಡಿ?"

ಮೇಡಂ ಕನ್ನಡಕ ಹಾಕಿಕೊಂಡು ಕಿಟಕಿಯಾಚೆ ನೋಡಿದರು. "ಹಡಗು ಹತ್ತಿದವರು ಯಾರೂ ನನ್ನ ಲ್ಯಾಬಿಗೆ ಸರಿಯಾಗಿ ವಾಪಸ್ ಬಂದಿಲ್ಲ. ಹಿಂದೆ ಇಬ್ಬರನ್ನ ಕಳಿಸಿದೆ. ನಲವತ್ತು ದಿನ ಸಮುದ್ರ ನೋಡಿ ಬಂದವರಿಗೆ ನನ್ನ ಜರಡಿ, ನನ್ನ ಬೀಕರು ಸಪ್ಪೆ ಆಗೋಯ್ತು. ಗೋವಾದಲ್ಲೇ ಕೆಲಸ ಹುಡುಕಿಕೊಂಡ್ರು. ಇವಳು ಪಟಿಕ ಹಾಕಿದೆ ಅಂದಾಗ ನಾನು ಬೈದೆ. ಆದ್ರೆ ಒಳಗೊಳಗೆ, ಸದ್ಯ, ಒಂದು ಕಾರಣ ಸಿಕ್ತಲ್ಲ ಅನ್ನಿಸಿತು."

"ನೀವು ಜೊತೆಗೇ ಇರ್ತೀರಲ್ಲ ಹಡಗಿನಲ್ಲಿ?"

"ನಾನಾ? ದೋಣಿ ಹತ್ತಿದ್ರೇ ನನಗೆ ವಾಂತಿ. ಮೂವತ್ತು ವರ್ಷದಿಂದ ಸಮುದ್ರದ ತಳ ನೋಡ್ತಿದೀನಿ, ಎಲ್ಲ ಡಬ್ಬಿಲಿ ಬಂದಿದ್ದೇ."

ಎರಡು ಮಂಚದ ಆ ಕ್ಯಾಬಿನ್ನಿಗಾಗಿ ನಾನು ಸುರಿದ ಹೊಟ್ಟೆಕಿಚ್ಚೆಲ್ಲ ದಂಡ. ಈಗ ನಾನು ಬಾಯಿ ಮುಚ್ಚಿಕೊಂಡರೆ ಸಾಕಿತ್ತು. ರೋಹಿತ್ ಹೋಗುತ್ತಾನೆ, ನನ್ನ ಮಗಳು ಪ್ರತಿ ಶನಿವಾರ ರೈಲು ಇಳಿಯುತ್ತಾಳೆ, ವಾರದ ಐದು ದಿನ ಇವರದು, ಎರಡು ದಿನ ನನ್ನದು. ನಾವಿಬ್ಬರೂ ಜಗಳವಾಡಿಕೊಂಡು ಅವಳನ್ನು ಹಂಚಿಕೊಂಡು ಇದ್ದುಬಿಡಬಹುದಿತ್ತು. ಮೇಡಂ ಕೂಡ ಅದನ್ನೇ ಯೋಚಿಸುತ್ತಿದ್ದಾರೆಂದು ಅವರ ಮುಖವೇ ಹೇಳುತ್ತಿತ್ತು. ಆದರೆ ಹಿಂದಿನ ಸಾಲಿನಲ್ಲಿ ಅವಳು ಕೂತಿದ್ದ ರೀತಿ ನನ್ನಿಂದ ಸಹಿಸಲಾಗಲಿಲ್ಲ. ನಾನು ಹೆತ್ತದ್ದು ಹಿಂದಿನ ಸಾಲಿನಲ್ಲಿ ಕೂರಿಸಲಿಕ್ಕಲ್ಲ.

"ಬರೀರಿ ಅವಳ ಹೆಸರು," ಎಂದೆ.

"ನಿಮಗೂ ಕಷ್ಟ ಆಗುತ್ತಲ್ಲಾ?"

"ಆಗ್ತದೆ. ನಿಮಗೂ ಅಷ್ಟೇ ಆಗ್ತದೆ ಅಂತ ಗೊತ್ತಾಯ್ತಲ್ಲ, ಅದೊಂದು ಸಮಾಧಾನ."

ಅವರಿಗೆ ನಗು ಬಂತು. ನಕ್ಕರೆ ಚೆನ್ನಾಗಿ ಕಾಣುತ್ತಾರೆ, ಅದನ್ನೂ ಹೇಳಿಬಿಡುತ್ತೇನೆ. ಬ್ಯಾಗಿನಿಂದ ಪೆನ್ನು ತೆಗೆದು, ಸಂಘಟಕರ ಮೇಜಿನ ಹತ್ತಿರ ಹೋಗಿ ಬರೆದು ಬಂದರು.

ಪ್ರೇರಣಾ ಎರಡು ಕಪ್ಪು ಟೀ ಹಿಡಿದು ಬಂದವಳು ನಮ್ಮಿಬ್ಬರನ್ನೂ ಒಟ್ಟಿಗೆ ಕಂಡು ಅಲ್ಲೇ ನಿಂತಳು. ಒಬ್ಬರ ಮುಖದಿಂದ ಇನ್ನೊಬ್ಬರ ಮುಖಕ್ಕೆ ನೋಡಿದಳು.

"ಅಮ್ಮ, ನೀನು ಹೇಳಿಬಿಟ್ಟೆಯಾ?"

"ಹೇಳಿದ್ರು," ಎಂದರು ಮೇಡಂ. "ಇನ್ನೊಂದು ಸಲ ನನ್ನ ಹತ್ರ ಸುಳ್ಳು ಹೇಳಿದ್ರೆ ಮನೆಯಿಂದ ಆಚೆಗೆ ಹಾಕ್ತೀನಿ. ಜನವರಿ ಮೂರನೇ ತಾರೀಖು ಗೋವಾದಲ್ಲಿರಬೇಕು. ಬೆಚ್ಚಗಿನ ಬಟ್ಟೆ ತಗೋ, ಡೆಕ್ ಮೇಲೆ ಗಾಳಿ ಜಾಸ್ತಿ ಅಂತೆ."

ಅರ್ಥವಾಗಲು ಅವಳಿಗೆ ಒಂದು ಗಳಿಗೆ ಹಿಡಿಯಿತು. ಆಮೇಲೆ ಅವಳ ಮುಖ ಅರಳಿದ್ದನ್ನು ನೋಡಬೇಕಿತ್ತು. ಯಾರನ್ನು ಮೊದಲು ಅಪ್ಪಿಕೊಳ್ಳುತ್ತಾಳೆ ಎಂಬುದೊಂದೇ ಆಗ ನನ್ನ ತಲೆಯಲ್ಲಿ. ನಾನು ಕೈಚೀಲವನ್ನು ನೆಲಕ್ಕಿಟ್ಟೆ. ಪಕ್ಕದಲ್ಲಿ ಮೇಡಂ ಕೂಡ ತಮ್ಮ ಬ್ಯಾಗನ್ನು ಕಿಟಕಿಯ ಕಟ್ಟೆಯ ಮೇಲಿಟ್ಟದ್ದು ನನಗೆ ಕಂಡಿತು.

ಅವಳು ಎರಡು ಕಪ್ಪನ್ನೂ ನಮ್ಮ ಕೈಗೆ ತುರುಕಿ, "ಒಂದು ನಿಮಿಷ, ಈಗ ಬಂದೆ," ಎಂದು ಮೆಟ್ಟಿಲಿಳಿದು ಓಡಿದಳು. ಗೇಟಿನ ಹತ್ತಿರ ಒಂದು ಎಸ್‌ಟಿಡಿ ಬೂತಿತ್ತು. ಗಾಜಿನ ಬಾಗಿಲು ಎಳೆದುಕೊಂಡು ನಂಬರು ಒತ್ತಿದಳು. ಮಾತಾಡುತ್ತಾ ಕೈ ಬೀಸಿದಳು, ಹಡಗು ಏಳುವುದನ್ನೂ ಇಳಿಯುವುದನ್ನೂ ಅಂಗೈಯಲ್ಲಿ ತೋರಿಸಿದಳು, ಅತ್ತಳು, ನಕ್ಕಳು. ಇಷ್ಟು ಮಾತು ಅವಳು ನನ್ನ ಹತ್ತಿರ ಒಂದೇ ಉಸಿರಿಗೆ ಎಂದೂ ಆಡಿದವಳಲ್ಲ. ಮೇಡಂ ಮುಖ ನೋಡಿದರೆ ಅವರ ಹತ್ತಿರವೂ ಆಡಿದವಳಲ್ಲ.

"ಯಾರಿಗೆ ಮಾಡ್ತಿದಾಳೆ?" ಎಂದು ಮೇಡಂ ಕೇಳಿದರು.

"ಅವಳಪ್ಪನಿಗೆ."

"ಅವರಿಗೆ ಸಮುದ್ರದ ವಿಷಯ ಏನಾದ್ರೂ ಗೊತ್ತಾ?"

"ಉಪ್ಪುಂಟು ಅಂತ ಗೊತ್ತು."

ಬೂತಿನೊಳಗೆ ಅವಳು ರಿಸೀವರನ್ನು ಎರಡೂ ಕೈಯಲ್ಲಿ ಹಿಡಿದು, ಆ ಕಡೆಯಿಂದ ಬರುತ್ತಿದ್ದ ಏನನ್ನೋ ಕಣ್ಣು ಮುಚ್ಚಿ ಕೇಳುತ್ತಿದ್ದಳು. ಊಟ ಆಯ್ತಾ ಎಂದು ಕೇಳುತ್ತಿರಬೇಕು, ಬೇರೇನು ಕೇಳುತ್ತಾರೆ ಅವರು. ಸುಶೀಲಾ ಮೇಡಮ್ಮೂ ನಾನೂ ತಣ್ಣಗಾದ ಟೀ ಹಿಡಿದು ಕಿಟಕಿಯಲ್ಲಿ ನಿಂತು, ಗಲ್ಲಾದ ಮೇಲೆ ಕೂತ ಆ ಮನುಷ್ಯನ ಮೇಲೆ ಒಟ್ಟಿಗೆ ಹೊಟ್ಟೆಕಿಚ್ಚು ಪಟ್ಟೆವು.